ಟವೆಲ್ಲಿನ ಕೆಳಗಿನ ರೇಟು

ಕಾಕಾ ಅವರ ಬಲಗೈ ತೋರುಬೆರಳು ಎರಡನೇ ಗೆಣ್ಣಿನಲ್ಲಿ ಸೊಟ್ಟಗೆ ಬಾಗಿ ನಿಂತುಬಿಟ್ಟಿತ್ತು. ಯಾವ ಕಾಲದಲ್ಲೋ ದಾಲ್ ಮಿಲ್ಲಿನ ಬೆಲ್ಟಿಗೆ ಸಿಕ್ಕ ಬೆರಳು. ಹಿಂದೆ ಸೇಡಂ ಮಾರುಕಟ್ಟೆಯಲ್ಲಿ ತೊಗರಿಯ ಸೌದಾ ಟವೆಲ್ಲಿನ ಕೆಳಗೆ ನಡೆಯುತ್ತಿತ್ತು. ಕೊಳ್ಳುವವ, ಮಾರುವವ ಇಬ್ಬರೂ ಅದರಡಿ ಕೈ ಸೇರಿಸಿ, ಬೆರಳು ಹಿಡಿದೇ ರೇಟು ಹೇಳಬೇಕು. ಆಗ ಆ ಸೊಟ್ಟ ಬೆರಳು ಒಂದೋ ಅರ್ಧವೋ ತಿಳಿಯದೆ ಹೊಸ ವ್ಯಾಪಾರಿಗಳು ಬೆವರುತ್ತಿದ್ದರಂತೆ. “ಪೂರಾ ಒಂದು ಅದ. ಬಾಗಿದ್ರ ಕಮ್ಮಿ ಆಗತದೇನು?” ಎಂದು ಕಾಕಾ ಗದರುತ್ತಿದ್ದರು. ಈಗ ಯಾರ್ಡಿನಲ್ಲಿ ರೇಟು ಕಂಪ್ಯೂಟರಿನಲ್ಲಿ ಬರುತ್ತದೆ. ಆದರೂ ಅವರ ಹೆಗಲಿನ ಟವೆಲ್ ಇಳಿಯಲಿಲ್ಲ.

ಅವರು ನನಗೆ ಸಂಬಂಧಿಯಲ್ಲ. ಅವರದು ಅಡತ್ ಅಂಗಡಿ, ರೈತರ ತೊಗರಿ ಮಾರಿಸಿಕೊಡುವ ವ್ಯವಹಾರ. ಎದುರಿಗೆ ನನ್ನ ಝೆರಾಕ್ಸ್ ಅಂಗಡಿ. ಮೋಡ ಕಂಡರೆ ಮಷಿನ್ನಿಗೆ ಪ್ಲಾಸ್ಟಿಕ್ ಹೊದಿಸಿ, ಬಿಸಿಲು ಬಿದ್ದರೆ ಮಷಿನ್ ಕಾದೀತೆಂದು ಅದನ್ನೇ ತೆಗೆಯುವ ಮನುಷ್ಯ ನಾನು. ಕಾಕಾ ಇದನ್ನು ಗದ್ದಿಗೆಯ ಮೇಲೆ ಕೂತು ನೋಡಿ ನಗುತ್ತಿದ್ದರು.

ಅಂಥ ಕಾಕಾ ಒಮ್ಮೆ ಒಂದು ಕಾಯಿನ್ ಕೊಂಡರು, ಅದೂ ತೊಗರಿಯ ಲೆಕ್ಕದಲ್ಲಿಯೇ. ಫೋನಿನಲ್ಲಿ ಮಾತ್ರ ಇರುವ ಹೊಸ ನಾಣ್ಯ, ಇದ್ದಷ್ಟೇ, ಮುಂದೆ ಇನ್ನೊಂದು ಹುಟ್ಟುವುದಿಲ್ಲ ಎಂದು ಯಾರೋ ವಿವರಿಸಿದರು. “ಅಂದ್ರ ಆವಕ ಇಲ್ಲ, ಹೊಸಾ ಮಾಲು ಬರೂದಿಲ್ಲ. ಆವಕ ಇಲ್ಲಂದ್ರ ರೇಟು ಏರಬೇಕಲ್ಲೋ ತಮ್ಮಾ!” ಎಂದರು ಕಾಕಾ. ಕಾಕಾ ಕೊಂಡರೆಂದು ಚಿತ್ತಾಪುರದವರು ಕೊಂಡರು. ವಾಡಿಯ ಸಿಮೆಂಟ್ ವ್ಯಾಪಾರಿ, ಶಹಾಬಾದಿನ ಔಷಧಿ ಅಂಗಡಿಯವರು, ಚಿಂಚೋಳಿಯ ನಿವೃತ್ತ ಮಾಸ್ತರರು ಕೊಂಡರು. ರೇಟು ಏರಿತು. ಏರಿತೆಂದು ಇನ್ನಷ್ಟು ಮಂದಿ ಕೊಂಡರು, ಮತ್ತೆ ಏರಿತು. ಕೊನೆಗೆ ನಾನೂ ಕೊಂಡೆ. ಮಗಳ ನರ್ಸಿಂಗ್ ಕಾಲೇಜಿನ ಫೀಗೆಂದು ಎತ್ತಿಟ್ಟ ದುಡ್ಡು ಅದು.

ಅಂದಿನಿಂದ ಊಟ ರುಚಿಸಲಿಲ್ಲ. ಏರಿದರೆ ಇಳಿದೀತೆಂಬ ಹೆದರಿಕೆ, ಇಳಿದರೆ ಹೇಳುವುದೇ ಬೇಡ. “ದೇವರ ಮುಂದ ಕುಂತ್ರೂ ಫೋನೇ ನೋಡ್ತೀರಿ. ಊದಿನಕಡ್ಡಿನೂ ಅದಕ್ಕೇ ಬೆಳಗ್ರಿ” ಎಂದಳು ಹೆಂಡತಿ.

ಕೆಲವು ದಿನ ರೇಟು ನಿಂತಲ್ಲೇ ನಿಂತಿತು. ಒಂದು ಬೆಳಗ್ಗೆ ಕಾಕಾ ಕೈಮಾಡಿ ಕರೆದರು. ಮುಖದಲ್ಲಿ ನಗು ಇರಲಿಲ್ಲ.

“ಬಾ, ಕುಂದ್ರು. ಒಂದು ಹಿಡಿಯಷ್ಟು ಮಾರಿ ನೋಡ್ದೆ. ಅಷ್ಟಕ್ಕೇ ರೇಟು ಜಾರ್ತು. ಇದನ್ನ ಕೊಳ್ಳೋ ಮಂದಿ ಯಾರಂದಿ? ನಾವೇ! ಶಹಾಬಾದದವ ಕೊಂಡಾಗ ಏರ್ತು, ಮಾಸ್ತರ ಕೊಂಡಾಗ ಏರ್ತು. ಹೊಸಾ ಮಂದಿ ಬರೂದು ನಿಂತದ, ರೇಟೂ ನಿಂತದ. ನಾ ಬರೇ ಆವಕ ನೋಡ್ದೆ, ಗಿರಾಕಿ ನೋಡ್ಲಿಲ್ಲ. ತೊಗರಿ ರೇಟು ಬಿದ್ರ ಬ್ಯಾಳಿ ಮಾಡಿ ಉಣ್ತಾರ. ಇದನ್ನ ಯಾರು ಉಣ್ತಾರ?”

“ಮತ್ತ ಫೋನಿನಾಗ ರೇಟು ತೋರಸ್ಲಿಕತ್ತದಲ್ರಿ ಕಾಕಾ?”

“ಅದು ಕಡೀ ಸೌದಾದ ರೇಟು. ಒಂದು ಚೀಲ ಹೋದ ರೇಟಿಗೆ ಯಾರ್ಡ್ ತುಂಬಾ ಚೀಲ ಹೋಗ್ತಾವೇನು?”

ಎಲ್ಲರಿಗಿಂತ ಹೆಚ್ಚು ಕಾಯಿನ್ ಇದ್ದದ್ದು ಅವರ ಬಳಿಯೇ. ಅವರು ಮೊದಲು ಮಾರಿದರೆ ಅವರು ಪಾರು, ಉಳಿದವರೆಲ್ಲ ಮುಳುಗಿದಂತೆ. ಪಕ್ಕದಲ್ಲಿದ್ದ ಅವರ ಮಗ ಅದನ್ನೇ ಹೇಳಿದ: “ಈಗೇ ಮಾರಿಬಿಡ್ರಿ ಅಪ್ಪಾ. ಮಂದಿ ಚಿಂತಿ ನಮಗ್ಯಾಕ?”

“ಮಂದಿ ಕಾಯಿನ್ ನೋಡಿ ಕೊಂಡಿಲ್ಲೋ, ನನ್ನ ನೋಡಿ ಕೊಂಡಾರ. ಮೊದಲು ಅವರು ಇಳೀಲಿ.”

ಆವಕ ಹೆಚ್ಚಾದ ದಿನ ಗಾಡಿಗಳನ್ನು ಸ್ವಲ್ಪಸ್ವಲ್ಪವೇ ಒಳಗೆ ಬಿಡುತ್ತಾರಲ್ಲ, ಹಾಗೆಯೇ ಪಾಳಿ ಹಚ್ಚಿದರು. ಇನ್ನೂ ಅಲ್ಲೊಬ್ಬ ಇಲ್ಲೊಬ್ಬ ಹೊರಗಿನವರು ಕೊಳ್ಳುವಷ್ಟನ್ನೇ ಮಾರುವುದು. ಮೊದಲು ಮಾಸ್ತರರು, ಆಮೇಲೆ ಚಿತ್ತಾಪುರ, ಶಹಾಬಾದ್, ನಾನು, ವಾಡಿ, ಕಟ್ಟಕಡೆಗೆ ತಾವು. ಆ ಹೊರಗಿನವರು ಯಾರೋ, ಎಲ್ಲಿಯವರೋ. ನಮ್ಮಂಥವರೇ ಇದ್ದಿರಬೇಕು, ಅದನ್ನು ನೆನೆದರೆ ಈಗಲೂ ಕಸಿವಿಸಿ.

ರೇಟು ದಿನಾ ಸವೆಯುತ್ತಿತ್ತು. ಶಹಾಬಾದಿನವರು ತಾಳಲಾರದೆ ಬೈಕ್ ಹತ್ತಿ ಬಂದೇಬಿಟ್ಟರು. “ನಮ್ಮನ್ನ ಪಾಳಿಗಿ ನಿಲ್ಲಿಸಿ ನೀವು ಹಿಂದಿನ ಬಾಗಿಲಿಂದ ಮಾರಾಕತ್ತೀರೇನ್ರಿ?”

ಕಾಕಾ ತಮ್ಮ ಫೋನ್ ತೆಗೆದು ನನ್ನ ಕೈಗಿಟ್ಟರು. “ಇವನ ಡ್ರಾವರಿನಾಗ ಇರ್ಲಿ. ಇಂಥಾ ಅಂಜುಬುರುಕ ತಾನೂ ಮುಟ್ಟೂದಿಲ್ಲ, ನನಗೂ ಮುಟ್ಟಾಕ ಬಿಡೂದಿಲ್ಲ. ಚಾ ಕುಡೀರಿ ಈಗ.”

ನನ್ನ ಪಾಳಿ ಬಂತು. ಮಾರಿದೆ. ಕಾಲೇಜಿನ ಫೀಗೆ ಸಾಲುವಷ್ಟು ಮರಳಿ ಬಂತು.

ಅದೇ ದಿನ ಮಧ್ಯಾಹ್ನ ಎಲ್ಲಿಯೋ ಯಾರೋ ದೊಡ್ಡ ರಾಶಿಯನ್ನೇ ಮಾರುಕಟ್ಟೆಗೆ ಸುರಿದಿರಬೇಕು. ಹಗ್ಗ ಹರಿದ ಕೊಡದ ಹಾಗೆ ರೇಟು ಕೆಳಗಿಳಿಯತೊಡಗಿತು. ನಾನು ಡ್ರಾವರ್ ಎಳೆದು, ಅವರ ಫೋನ್ ಹಿಡಿದು ರಸ್ತೆ ದಾಟಿ ಓಡಿದೆ. ಲಾರಿಯವನೊಬ್ಬ ನನ್ನ ವಂಶವನ್ನೆಲ್ಲ ಬೈದ.

“ಕಾಕಾ, ಮಾರ್ರಿ! ಬೀಳಾಕತ್ತದ!”

“ವಾಡಿದು ಆಯ್ತೇನು?”

“ಇನ್ನಾ ಇಲ್ರಿ.”

“ಮತ್ತ?”

ಅದೇ ಫೋನಿನಿಂದ ವಾಡಿಗೆ ಹಚ್ಚಿದರು. ಅವರು ಎತ್ತಲಿಲ್ಲ. ಮತ್ತೆ ಹಚ್ಚಿದರು. ನಾನು ನಿಂತಲ್ಲೇ ಕುಣಿಯುತ್ತಿದ್ದೆ. ಕೊನೆಗೆ ಆ ಸಿಮೆಂಟ್ ವ್ಯಾಪಾರಿ ಫೋನ್ ಎತ್ತಿ, ತನ್ನದನ್ನು ಅರ್ಧಕ್ಕರ್ಧ ಬೆಲೆಗೆ ಮಾರಿ ಪಾರಾಗುವಷ್ಟರಲ್ಲಿ ಕೊಳ್ಳುವವರೇ ಉಳಿದಿರಲಿಲ್ಲ. ಕಾಕಾ ಫೋನನ್ನು ಗದ್ದಿಗೆಯ ಮೇಲೆ ಬೋರಲು ಹಾಕಿ, “ಪಾಳಿ ಮುಗೀತು” ಎಂದರು. ಮಗ ಅಂಗಡಿಯಿಂದ ಎದ್ದು ಹೋದ. ಬಹಳ ದಿನ ಅಪ್ಪನೊಡನೆ ಮಾತಾಡಲಿಲ್ಲ.

ಎರಡು ವರ್ಷಗಳ ನಂತರ ಕಾಕಾಗೆ ಲಕ್ವಾ ಹೊಡೆದು ಎಡ ಮೈ ಬಿದ್ದುಹೋಯಿತು, ಮಾತು ನಿಂತಿತು. ರಜೆಗೆ ಬಂದಿದ್ದ ನನ್ನ ಮಗಳು ದಿನಾ ಹೋಗಿ ಅವರ ಮಗ್ಗುಲು ಬದಲಿಸಿ, ಬೆನ್ನು ಒರೆಸಿ ಬರುತ್ತಿದ್ದಳು. ಒಂದು ದಿನ ನಾನೂ ಹೋದೆ. ಕಾಕಾ ಕಣ್ಣಿನಲ್ಲೇ ಟವೆಲ್ ತೋರಿಸಿದರು. ಅವರ ಬಲಗೈ ಮೇಲೆ ಹೊದಿಸಿ, ಅದರಡಿ ನನ್ನ ಕೈ ಇಟ್ಟೆ. ಸೊಟ್ಟ ಬೆರಳು ನನ್ನ ಅಂಗೈಯನ್ನು ಎರಡು ಸಲ ತಿವಿಯಿತು: ಕಾಯಿನ್ನಿನ ಇವತ್ತಿನ ರೇಟೇನು?

ಮಗ ಮಂಚದ ಪಕ್ಕದಲ್ಲಿ ನಿಂತು ನಮ್ಮಿಬ್ಬರ ಮುಖ ನೋಡುತ್ತಿದ್ದ. ಕಾಕಾ ಅವರ ಫೋನಿನಲ್ಲಿ ಆ ಕಾಯಿನ್ ಇನ್ನೂ ಇತ್ತು, ಎದುರಿಗೆ ಬರೀ ಸೊನ್ನೆಗಳು. ಹಾಸಿಗೆ ಹಿಡಿದವರಿಗೆ ಒಂದು ಸುಳ್ಳು ಹೇಳಿದರೇನು ಎನಿಸಿತು. ಆದರೆ ಆ ಟವೆಲ್ಲಿನ ಕೆಳಗೆ ಯಾರೂ ಸುಳ್ಳು ಹೇಳಿದ್ದಿಲ್ಲ. ಮುಷ್ಟಿ ಬಿಗಿದೆ. ಏನೂ ಇಲ್ಲ.

ಕಾಕಾ ಅವರ ತುಟಿಯ ಒಂದು ಬದಿ ಅಲುಗಿತು, ನಗುತ್ತಿದ್ದರು. ಆಮೇಲೆ ನಿಧಾನವಾಗಿ ನನ್ನ ಮುಷ್ಟಿ ಬಿಡಿಸಿ, ಸೌದಾ ಒಪ್ಪಿದಾಗ ಹಿಡಿಯುವಂತೆ ಕೈ ಹಿಡಿದರು.

ಹೊಸ ತೊಗರಿ ಯಾರ್ಡಿಗೆ ಬರುವ ಮೊದಲೇ ಅವರು ಹೋದರು. ಅವರ ಫೋನ್ ಇಟ್ಟಿದ್ದ ಡ್ರಾವರಿನಲ್ಲಿ ನಾನು ಈಗಲೂ ಏನನ್ನೂ ಇಡುವುದಿಲ್ಲ. ಇಟ್ಟರೆ ಏನಾದೀತೋ ಎಂಬ ಹೆದರಿಕೆ.