ಕೊನೆಯ ರೀಲು ಮತ್ತು ಒಂದು ಗಂಟೆಯ ಬಸ್ಸು

ಹೋದ ತಿಂಗಳು ದಾವಣಗೆರೆಯ ಕೆ.ಬಿ. ಬಡಾವಣೆಯ ಮಂಡಕ್ಕಿ ಅಂಗಡಿಯೊಂದರಲ್ಲಿ ಹುರಿದ ಶೇಂಗಾ ತುಂಬಿಟ್ಟಿದ್ದ ಡಬ್ಬಿಯ ಮೇಲೆ ಕಣ್ಣು ಬಿತ್ತು. ದುಂಡಗೆ, ಚಪ್ಪಟೆಯಾಗಿ, ಅಂಚಿಗೆ ತುಕ್ಕು ಹಿಡಿದಿತ್ತು. ಸಿನಿಮಾ ರೀಲು ಇಡುತ್ತಿದ್ದ ಡಬ್ಬಿ. ಅಂಗಡಿಯವನಿಗೆ ಅದೇನೂ ಗೊತ್ತಿಲ್ಲ, ಗುಜರಿಯಲ್ಲಿ ಸಿಕ್ಕಿತು ಎಂದ. ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು... ಆಪರೇಟರ್ ಚಾಚಾ ಎದುರಿಗೆ ಬಂದು ಕೂತ ಹಾಗಾಯಿತು.

ಚಾಚಾ ದಾವಣಗೆರೆಯ ಟಾಕೀಸೊಂದರಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ಮನೆ ಹರಿಹರದಲ್ಲಿ, ದಿನಾ ಬಸ್ಸಿನ ಓಡಾಟ. ಭಾನುವಾರ ಬೆಳಗಿನ ಆಟಕ್ಕೆ ಇಂಗ್ಲಿಷ್ ಚಿತ್ರ ಹಾಕುತ್ತಿದ್ದರು. ಅದೊಂದು ಮುಗಿಸಿದರೆ ಅವತ್ತು ಅವರಿಗೆ ಬಿಡುವು. ನಾನಾಗ ಬಟ್ಟೆ ಗಿರಣಿಯೊಂದರಲ್ಲಿ ಗುಮಾಸ್ತ. ಮದುವೆಯಿಲ್ಲ, ಮಾಡಲು ಬೇರೆ ಕೆಲಸವಿಲ್ಲ, ಪ್ರತಿ ಭಾನುವಾರ ತಪ್ಪದೆ ಹಾಜರು.

ಎಪ್ಪತ್ತರ ದಶಕದ ಆ ಚಿತ್ರಗಳು ನಮ್ಮೂರು ತಲುಪುವ ಹೊತ್ತಿಗೆ ಹಣ್ಣು ಹಣ್ಣು ಮುದಿಯಾಗಿರುತ್ತಿದ್ದವು. ಪರದೆಯ ತುಂಬ ಗೀರು. ಎಲ್ಲದರಲ್ಲೂ ಮುಂದೆ ಬರಲಿರುವ ಕೆಟ್ಟ ಕಾಲದ್ದೇ ಕಥೆ. ನೆಲದಡಿಯ ಊರು, ಹೆಸರಿನ ಬದಲು ಎದೆಯ ಮೇಲೆ ನಂಬರು ಹೊತ್ತ ಜನ, ಎಲ್ಲರನ್ನೂ ಆಳುವ ಒಂದು ಕಂಪ್ಯೂಟರು. ಆ ಕಂಪ್ಯೂಟರೋ, ಗಣಪತಿ ಪೆಂಡಾಲಿನ ಸೀರಿಯಲ್ ಲೈಟಿನಂತೆ ಮಿಣಮಿಣ ಎನ್ನುತ್ತಿತ್ತು. ಯಂತ್ರಮಾನವ ನಡೆದರೆ ಡಾಲ್ಡಾ ಡಬ್ಬಿಗಳು ಒಂದಕ್ಕೊಂದು ಬಡಿದ ಸದ್ದು. ಬೆನ್ನ ಹಿಂದೆ ಜಿಪ್ಪು ಕಾಣುತ್ತಿತ್ತು. ಮುಂದಿನ ಬೆಂಚಿನವರು ಶಿಳ್ಳೆ ಹಾಕಿ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಆಟ ಮುಗಿದು ಮನೆಗೆ ಬಂದ ಮೇಲೂ ಆ ನಂಬರಿನ ಜನ ತಲೆಯಿಂದ ಹೋಗುತ್ತಿರಲಿಲ್ಲ. ಇಷ್ಟು ಕಳಪೆ ಚಿತ್ರ ನನ್ನನ್ನು ಯಾಕೆ ಹೀಗೆ ಹಿಡಿದುಕೊಳ್ಳುತ್ತದೆ ಎಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಗಿರಣಿಯಲ್ಲಿ ನನಗೂ ಒಂದು ಟೋಕನ್ ನಂಬರ್ ಇತ್ತು ಎನ್ನುವುದು ಕಾರಣವಿರಬಹುದು.

ಆ ದಿನಗಳಲ್ಲಿ ರಾಜೀನಾಮೆ ಪತ್ರವೊಂದು ನನ್ನ ಜೇಬಿನಲ್ಲೇ ಮಾಸುತ್ತಿತ್ತು. ಊರ ಹೊರಗಿನ ಕರೂರಿನ ಕೈಗಾರಿಕಾ ಪ್ರದೇಶದಲ್ಲಿ ಗೆಳೆಯನೊಬ್ಬ ಲೇತ್ ಯಂತ್ರ ಹಾಕಿ, ಪಾಲುದಾರನಾಗಿ ಬಾ ಎಂದು ಕರೆದಿದ್ದ. ಕಾಯಂ ಕೆಲಸ ಬಿಟ್ಟು ಯಾವನಾದರೂ ಹೋಗುತ್ತಾನೆಯೇ ಎಂದು ಅಣ್ಣ ಸಿಡುಕುತ್ತಿದ್ದ. ನೌಕರಿ ಕೊಡಿಸಿದ್ದು ಅವನೇ. ಬೆಳಿಗ್ಗೆ ಬಿಡಬೇಕು ಅನಿಸಿದರೆ ಸಂಜೆ ಬೇಡ ಅನಿಸುತ್ತಿತ್ತು. ಟಾಕೀಸಿನ ಎದುರಿನ ಅಂಗಡಿಯಲ್ಲಿ ಮಂಡಕ್ಕಿ ತಿನ್ನುತ್ತ ಒಂದು ಭಾನುವಾರ ಇದನ್ನೆಲ್ಲ ಚಾಚಾಗೆ ಹೇಳಿಕೊಂಡಿದ್ದೆ. ಅವರು ಕೇಳಿಸಿಕೊಂಡು, ಒಂದು ಗಂಟೆಯ ಬಸ್ಸು ಹತ್ತಿ ಹೋಗಿದ್ದರು.

ಮುಂದಿನ ಭಾನುವಾರದ ಚಿತ್ರದಲ್ಲಿ ನಾಯಕ ನೆಲದಡಿಯ ಊರಿನಿಂದ ತಪ್ಪಿಸಿಕೊಂಡು ಏಣಿ ಹತ್ತಿದ, ಹತ್ತುತ್ತಲೇ ಇದ್ದ. ಕೊನೆಗೊಂದು ಕಬ್ಬಿಣದ ಬಾಗಿಲು ನೂಕಿದ. ಪರದೆಯೆಲ್ಲ ಬಿಸಿಲು. ಅಲ್ಲಿಗೆ ಟಾಕೀಸಿನ ದೀಪಗಳು ಹತ್ತಿಕೊಂಡವು. ಹೊರಗೆ ಬಂದರೆ ದಾವಣಗೆರೆಯ ಮಧ್ಯಾಹ್ನದ ಬಿಸಿಲೂ ಹಾಗೇ ಕಣ್ಣು ಕುಕ್ಕಿತು.

ಅವತ್ತು ಚಾಚಾ ತಾವೇ ಕರೆದು ಮಿರ್ಚಿ ಕೊಡಿಸಿದರು. ಬಾಗಿಲು ತೆಗೆದಮೇಲೆ ಅವನ ಗತಿ ಏನಾಯಿತೆಂದು ತೋರಿಸಲೇ ಇಲ್ಲವಲ್ಲ ಎಂದೆ.

"ಹೊರಗ ಬಂದನಲ್ಲಪ್ಪ," ಎಂದರು. "ಮುಂದಿಂದು ಅವನಿಗೆ ಬಿಡು."

ಇನ್ನೊಂದು ಪ್ಲೇಟು ತರಿಸಿದರು. ಗೆಳೆಯನ ಲೇತಿನ ಬಗ್ಗೆ ಒಂದೊಂದಾಗಿ ಕೇಳಿದರು. ಮಾರನೆಯ ದಿನ ಪತ್ರ ಕೊಟ್ಟುಬಿಟ್ಟೆ. ಅಣ್ಣ ಎರಡು ವರ್ಷ ಮಾತು ಬಿಟ್ಟ. ಪಾಡು ಪಟ್ಟೆ, ಬದುಕಿದೆ. ಯಾವಾಗ ಧೈರ್ಯ ಕುಸಿದರೂ ಆ ಬಿಸಿಲು ಕಣ್ಣ ಮುಂದೆ ಬರುತ್ತಿತ್ತು.

ಡಬ್ಬಿ ನೋಡಿದ ಸಂಜೆ ಮಗಳಿಗೆ ಆ ಚಿತ್ರದ ಕಥೆ ಹೇಳಿದೆ. ಹೆಸರು ನೆನಪಿರಲಿಲ್ಲ, ಆದರೂ ಅವಳು ಫೋನಿನಲ್ಲಿ ಅದನ್ನು ಹುಡುಕಿ ತೆಗೆದಳು. ಡಾಲ್ಡಾ ಡಬ್ಬಿಯ ಯಂತ್ರಮಾನವನನ್ನು ನೋಡಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಏಣಿ ಬಂತು, ಬಾಗಿಲು ತೆರೆಯಿತು, ಬಿಸಿಲು ಬಂತು. ನೋಡು, ಇಲ್ಲಿಗೆ ಮುಗಿಯಿತು ಎಂದೆ. ಮುಗಿಯಲಿಲ್ಲ. ಇನ್ನೂ ಹನ್ನೆರಡು ನಿಮಿಷವಿತ್ತು. ಹೊರಗೆ ಬರೀ ಬೂದಿ, ಕುಡಿಯಲು ನೀರಿಲ್ಲ. ನಾಯಕ ತಾನಾಗಿಯೇ ವಾಪಸು ಇಳಿದು, ತನ್ನ ನಂಬರು ಕೊಡಿರೆಂದು ಆ ಯಂತ್ರದ ಮುಂದೆ ಮೊಣಕಾಲೂರಿ ಬೇಡುತ್ತಾನೆ. ಮಗಳು ಇನ್ನೂ ನಗುತ್ತಿದ್ದಳು. ನನಗೆ ತಲೆಬುಡ ತಿಳಿಯಲಿಲ್ಲ.

ಎರಡು ದಿನ ಒದ್ದಾಡಿದೆ. ಇದನ್ನು ನೋಡಿದ್ದರೆ ಆ ಪತ್ರ ಕೊಡುತ್ತಿದ್ದೆನೇ? ನನ್ನ ನಲವತ್ತು ವರ್ಷದ ಧೈರ್ಯ ನಿಂತಿದ್ದು ಬಿಟ್ಟುಹೋದ ಒಂದು ರೀಲಿನ ಮೇಲೆಯೇ? ರೀಲು ಹರಿದಿತ್ತೋ, ಬಂದೇ ಇರಲಿಲ್ಲವೋ, ಇಲ್ಲಾ ಚಾಚಾ ಬೇಕೆಂದೇ... ಮೂರನೆಯ ದಿನ ಹರಿಹರಕ್ಕೆ ಹೋದೆ.

ಚಾಚಾ ತೀರಿಕೊಂಡು ಆರು ವರ್ಷವಾಗಿತ್ತಂತೆ. ನನಗೆ ಗೊತ್ತೇ ಇರಲಿಲ್ಲ, ನಾಚಿಕೆಯಾಯಿತು. ಚಾಚಿ ಬರ್ರಿ, ಕೂಡ್ರಿ ಎಂದು ಚಹಾ ಕೊಟ್ಟರು. ನನ್ನ ಪ್ರಶ್ನೆ ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಇಂಗ್ಲಿಷ್ ಪಿಕ್ಚರಿಂದು ಕೊನೆ ರೀಲು ಎಷ್ಟೋ ಸಲ ಬಿಟ್ಟೇ ಬಿಡ್ತಿದ್ರು. ಭಾನುವಾರ ಒಂದು ಗಂಟೆ ಬಸ್ಸಿಗೆ ಮನೆಗೆ ಊಟಕ್ಕ ಬರಲಿಲ್ಲಂದ್ರ ನಾನು ಜಗಳ ತೆಗಿತಿದ್ದೆ. ಅದಕ್ಕ ಹಂಗ ಮಾಡ್ತಿದ್ರು. ಮತ್ತೇನೂ ಇಲ್ಲ."

ಓಹೋ, ಅಷ್ಟೇ. ನಾನೂ ನಕ್ಕೆ. ಯಾರೋ ಊಟಕ್ಕೆ ಹೊತ್ತಾಯಿತೆಂದು ಕತ್ತರಿಸಿದ್ದನ್ನು ನಾನು ಬಾಳಿಗೆಲ್ಲ ಬುತ್ತಿ ಕಟ್ಟಿಕೊಂಡಿದ್ದೆ. ಹಗುರವಾಯಿತೋ ಅವಮಾನವಾಯಿತೋ ಹೇಳಲಾರೆ. ಬಸ್ ನಿಲ್ದಾಣಕ್ಕೆ ಬಂದು ಕೂತೆ.

ದಾವಣಗೆರೆ ಬಸ್ಸು ಬಂದು ನಿಂತಾಗ ನೆನಪಾಯಿತು. ಆ ಭಾನುವಾರ ಮಿರ್ಚಿ ತಿನ್ನುವಾಗ ಹರಿಹರದ ಒಂದು ಗಂಟೆಯ ಬಸ್ಸು ನಮ್ಮೆದುರೇ ಹಾದುಹೋಗಿತ್ತು. ಚಾಚಾ, ನಿಮ್ಮ ಬಸ್ಸು ಎಂದು ನಾನೇ ಎದ್ದು ನಿಂತಿದ್ದೆ. ಅವರು ನನ್ನ ತೋಳು ಹಿಡಿದು ಕೂರಿಸಿದ್ದರು. ಎರಡನೆಯ ಪ್ಲೇಟು ತರಿಸಿದ್ದು ಆಮೇಲೆ. ಹಾಗಾದರೆ ಅವತ್ತು ಕೊನೆಯ ರೀಲು ಬಿಟ್ಟಿದ್ದು ಬಸ್ಸಿಗಾಗಿ ಆಗಿರಲಿಕ್ಕಿಲ್ಲ.

ವಾಪಸು ಹೋಗಿ ಚಾಚಿಗೆ ಹೇಳಲೇ ಎಂದು ಯೋಚಿಸಿದೆ. ಏನಂತ ಹೇಳುವುದು? ಅವತ್ತು ಮನೆಯಲ್ಲಿ ಜಗಳ ಆಗಿರಬೇಕು. ಯಾಕೆ ತಡವಾಯಿತೆಂದರೆ ಚಾಚಾ ಏನು ಹೇಳಿದ್ದರೋ... ಕೇಳೋಣವೆಂದರೆ ಅವರೇ ಇಲ್ಲ. ಬಸ್ಸು ಹೊರಟುಹೋಯಿತು, ನಾನು ಅಲ್ಲೇ ಕೂತಿದ್ದೆ.