ಬೆಲ್ಲದಚ್ಚಿನ ಭಾನುವಾರಗಳು

ಮುಂಬಯಿ ಎಲ್ಲರ ಬಾಯಲ್ಲೂ ಇನ್ನೂ ಬೊಂಬಾಯಿಯೇ ಆಗಿದ್ದ ಕಾಲದ ಮಾತು. ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿಗೆ ಆಗ ಲಿಫ್ಟ್ ಇರಲಿಲ್ಲ, ವಾಚ್‌ಮನ್ ಇರಲಿಲ್ಲ. ಫೋನ್ ಇದ್ದದ್ದು ಕೆಳಗಿನ ಮನೆಯ ಶೆಟ್ಟರಲ್ಲಿ ಮಾತ್ರ. ಭಾನುವಾರ ಬೆಳಿಗ್ಗೆ ನಮ್ಮನ್ನು ಯಾರೂ ಎಬ್ಬಿಸಬೇಕಾಗಿರಲಿಲ್ಲ. ಕಾಂಪೌಂಡಿನಲ್ಲಿ ಮಕ್ಕಳ ಚಪ್ಪಲಿಗಳ ಪಟಪಟ ಸದ್ದು ಕೇಳಿಸಿದರೆ ಬೆಲ್ಲದಚ್ಚು ಹೊರಡುವ ಹೊತ್ತಾಯಿತೆಂದು ಅರ್ಥ.

ಬೆಲ್ಲದಚ್ಚು ನಮ್ಮ ಕಾರು. ಅಮ್ಮನ ತಂದೆ, ನಮ್ಮ ತಾತ, ಮಿಲ್ಲೊಂದರಲ್ಲಿ ಇಂಜಿನಿಯರ್ ಆಗಿದ್ದವರು, ಊರಿಗೆ ಗಂಟುಮೂಟೆ ಕಟ್ಟುತ್ತಿದ್ದ ಇಂಗ್ಲಿಷ್ ಸಾಹೇಬನೊಬ್ಬನಿಂದ ಅದನ್ನು ಕೊಂಡಿದ್ದರಂತೆ. ಗುಂಡು ಗುಂಡು ಮಡ್‌ಗಾರ್ಡು, ಮುಂದೆ ಗೂಬೆಯ ಕಣ್ಣಿನಂಥ ಎರಡು ದೀಪ. ಮೈಗೆ ತಾತ ತಾವೇ ಬ್ರಷ್ ಹಿಡಿದು ಬಳಿದ ಕಂದು ಪೇಂಟು. ಬಿಸಿಲು ಬಿದ್ದರೆ ಥೇಟ್ ಕರಗಲಿಕ್ಕೆ ಕಾದಿರುವ ಅಚ್ಚುಬೆಲ್ಲ. ಜುಹೂ ಕಡೆಯ ಖಾಲಿ ರಸ್ತೆಗಳಲ್ಲಿ ತಾತ ತಮ್ಮ ಒಬ್ಬಳೇ ಮಗಳಿಗೆ ಡ್ರೈವಿಂಗ್ ಕಲಿಸಿದರು. ಅಮ್ಮ ಬಹಳ ಗಿಡ್ಡ. ಸೀಟಿನಲ್ಲಿ ಕೂತರೆ ಪೆಡಲ್ ಕಾಲಿಗೆ ಎಟುಕುತ್ತಿರಲಿಲ್ಲ. ತಾತ ಸಾಗುವಾನಿಯ ಮೂರು ತುಂಡುಗಳನ್ನು ಕೊಯ್ದು, ಉಜ್ಜಿ ನುಣುಪು ಮಾಡಿ, ಮೂರು ಪೆಡಲ್‌ಗಳಿಗೂ ಚರ್ಮದ ಪಟ್ಟಿಯಿಂದ ಬಿಗಿದರು. ಕೂರಲಿಕ್ಕೆ ಹಳೇ ರಜಾಯಿಯೊಂದನ್ನು ಮಡಿಸಿ ಹಾಕಿದರು. ಸಾಯುವ ಮುಂಚೆ ಅಮ್ಮನ ಕಡೆ ಕೈ ತೋರಿಸಿ, "ಗಾಡಿ ಕಮಲಂಗೆ" ಅಂದಿದ್ದರು. ಅದನ್ನು ಕೇಳಿಸಿಕೊಂಡವರಲ್ಲಿ ನಮ್ಮಪ್ಪನೂ ಇದ್ದರು.

ಬೆಲ್ಲದಚ್ಚು ತಾನಾಗಿ ಸ್ಟಾರ್ಟ್ ಆದದ್ದನ್ನು ನಾನು ನೋಡಲೇ ಇಲ್ಲ. ನೀರಿನ ಟ್ಯಾಂಕಿನಿಂದ ಗೇಟಿನವರೆಗೆ ಕಾಂಪೌಂಡು ಸ್ವಲ್ಪ ಇಳಿಜಾರು. ಅಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಜಾಯಿಯ ಮೇಲೆ ಏರಿ ಕೂತು, ಕಿಟಕಿಯಿಂದ ಕೈ ಆಚೆ ಚಾಚುತ್ತಿದ್ದಳು. ಅದೇ ಸೂಚನೆ, ಬಿಲ್ಡಿಂಗಿನ ಮಕ್ಕಳೆಲ್ಲ ಹಿಂದಿನಿಂದ ತಳ್ಳಬೇಕು. ಗೇಟಿನ ಹತ್ತಿರ ಬರುವಾಗ ಅಮ್ಮ ಕ್ಲಚ್ಚನ್ನು ಒತ್ತಿ ಹಿಡಿದಿದ್ದ ಎಡಗಾಲು ತೆಗೆದರೆ ಒಂದು ಜರ್ಕು, ಢಂ ಅಂತ ಒಂದು ಸದ್ದು, ನಮ್ಮೆಲ್ಲರ ಮುಖಕ್ಕೆ ನೀಲಿ ಹೊಗೆ. ತಳ್ಳಿದವರಿಗೆ ಸೀಟು. ಅದು ಅಮ್ಮನ ಕಾನೂನು. ಬಾಡಿಗೆಯವರ ಮಗು, ಓನರ್ ಮಗು, ಮೇಲಿನ ಮನೆಯ ಕೆಲಸದಾಕೆಯ ಮಗು ಎಂಬ ಭೇದವಿಲ್ಲ.

"ಆಂಟೀ, ಈ ಸುನಿಲ್ ಖಾಲೀ ಹಾಥ್ ಇಟ್ಟ, ತಳ್ಳಿಲ್ಲ!" ಎಂದು ಶೆಟ್ಟರ ಮಗಳು ರೋಹಿಣಿ ಚಾಡಿ ಹೇಳುತ್ತಿದ್ದಳು.

"ನಾನೂ ನೋಡ್ದೆ ಕಣೇ. ವಾಪಸ್ ಬರೋವಾಗ ಒದ್ದೆ ಬಾಳೆಎಲೆ ಎಲ್ಲಾ ಅವನ ತೊಡೆ ಮೇಲೆ."

ಶೆಟ್ಟರು ಲುಂಗಿ ಮಡಿಸಿಕೊಂಡು ವರಾಂಡದಲ್ಲಿ ನಿಂತಿರುತ್ತಿದ್ದರು. ಸ್ಟೇಷನ್ ಹತ್ತಿರ ಅವರದೊಂದು ಚಿಕ್ಕ ಹೋಟೆಲು. "ಎಂತ ಕಮಲಮ್ಮ, ನಿಮ್ಮ ಗಾಡಿ ಒಮ್ಮೆ ಕೆಮ್ಮಿದ್ರೆ ಇಲ್ಲಿಯ ಪಾರಿವಾಳ ಎಲ್ಲ ವಿಲೇ ಪಾರ್ಲೆಗೆ ಹೋಗಿ ಕೂತ್ಕೊಳ್ತದೆ ಮಾರಾಯ್ರೆ!"

"ಪಾರಿವಾಳ ಓಡಿಸೋಕೆ ಗಾಡಿ ಯಾಕೆ ಶೆಟ್ರೇ, ನಿಮ್ಮ ಹೋಟ್ಲಿಂದ ಒಂದು ಇಡ್ಲಿ ತಂದು ಬೀಸಿದ್ರೆ ಸಾಲ್ದಾ?"

ಹೀಗೆ ಹೊರಟರೆ ಮಾಟುಂಗಕ್ಕೆ. ಮಾಹಿಮ್ ಖಾಡಿ, ಅಂದರೆ ಸಮುದ್ರದ ಆ ನಾರುವ ಹಿನ್ನೀರು, ಬಂದಾಗ ಎಲ್ಲರೂ ಮೂಗು ಹಿಡಿದು ಉಸಿರು ಕಟ್ಟಬೇಕು. ಖಾಡಿ ದಾಟುವ ಮೊದಲು ಉಸಿರು ಬಿಟ್ಟವರು ಔಟ್. ಅಮ್ಮ ಬೇಕೆಂದೇ ಅಲ್ಲಿ ನಿಧಾನ ಮಾಡುತ್ತಿದ್ದಳು. ಕನ್ನಡಿಯಲ್ಲಿ ನಮ್ಮ ಕೆಂಪೇರಿದ ಮುಖಗಳನ್ನು ನೋಡಿ ಸೀಟಿನ ಮೇಲೆ ಕುಲುಕುಲು ನಗುತ್ತಿದ್ದಳು. ಮಾಟುಂಗದಲ್ಲಿ ಕಾಫಿಪುಡಿ, ಬಾಳೆಎಲೆ, ಕರಿಬೇವು, ಮಲ್ಲಿಗೆ. ವಾಪಸ್ ಬರುವಾಗ ಪೆಟ್ರೋಲು, ಹಳೇ ಲೆದರ್ ಸೀಟು, ಆಗಷ್ಟೇ ಬೀಸಿದ ಕಾಫಿಪುಡಿ ಎಲ್ಲ ಸೇರಿದ ಒಂದು ವಾಸನೆ. ಅದನ್ನು ಆಮೇಲೆ ನಾನು ಎಲ್ಲೂ ಮೂಸಿಲ್ಲ.

ಅಪ್ಪ ಒಂದು ದಿನವೂ ನಮ್ಮ ಜೊತೆ ಬರಲಿಲ್ಲ. ಅವರು ಚರ್ಚ್‌ಗೇಟಿನ ಕಂಪನಿಯೊಂದರಲ್ಲಿ ಆಫೀಸರ್, ಲೋಕಲ್‌ನ ಫಸ್ಟ್ ಕ್ಲಾಸ್ ಪಾಸ್ ಇದ್ದವರು. ಕಾರನ್ನು ಅವರು ಕರೆಯುತ್ತಿದ್ದದ್ದು 'ಡಬ್ಬಾ' ಎಂದು. ಆಫೀಸಿನವರು ಮನೆಗೆ ಬರುವ ದಿನ ಅದನ್ನು ಟ್ಯಾಂಕಿನ ಹಿಂದೆ ನಿಲ್ಲಿಸಬೇಕಿತ್ತು. ಆಗಷ್ಟೇ ರಸ್ತೆಗೆ ಬಂದಿದ್ದ ಪುಟ್ಟ ಬಿಳಿ ಕಾರಿನ ಮೇಲೆ ಅವರ ಆಸೆ. ಕಾನ್ವೆಂಟಿನಲ್ಲಿ ನನಗೂ ಅದೇ ಕಥೆ. "ಈಸ್ ದಟ್ ಯುವರ್ ಕಾರ್, ಆರ್ ಯುವರ್ ರದ್ದಿವಾಲಾಸ್?" ಎಂದು ಒಬ್ಬಳು ಕೇಳಿದ್ದಳು. ನಮ್ಮದು ಹಳೇ ಪೇಪರ್ ಕೊಳ್ಳುವವನ ಗಾಡಿಯಂತೆ ಎಂದು ನಾನು ಮನೆಗೆ ಬಂದು ಹೇಳಿದಾಗ ಅಮ್ಮ ಅವರೆಕಾಯಿ ಸುಲಿಯುತ್ತಾ, "ರದ್ದಿವಾಲಾಗೆ ಕಾರಿದ್ರೆ ಒಳ್ಳೇದೇ ಅಲ್ವೇನೇ?" ಅಂದಳು.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ, ಮಾಟುಂಗದ ಹೂವಿನ ಅಂಗಡಿಯೆದುರು ಬಿಳಿ ಶೂ ಹಾಕಿದ ಒಬ್ಬರು ಬೆಲ್ಲದಚ್ಚಿನ ಸುತ್ತ ಸುತ್ತುತ್ತಿದ್ದರು. ಬಗ್ಗಿ ಕೆಳಗೆ ನೋಡಿದರು. ಉಗುರಿನಿಂದ ಪೇಂಟು ಕೆರೆದರು. ಆಮೇಲೆ ಕಿಟಕಿಗೆ ಬಂದು, "ಮ್ಯಾಡಮ್, ಡು ಯೂ ನೋ ವಾಟ್ ಯೂ ಆರ್ ಸಿಟಿಂಗ್ ಆನ್?" ಎಂದರು.

ಅಮ್ಮ ನನ್ನ ಕಡೆ ತಿರುಗಿ, "ಹಳೇ ರಜಾಯಿ ಮೇಲೆ ಅಂತ ಇಂಗ್ಲಿಷಲ್ಲಿ ಹೇಳೇ," ಅಂದಳು. ಹಿಂದಿನ ಸೀಟೆಲ್ಲ ನಕ್ಕಿತು.

ಅವರು ಮಲಬಾರ್ ಹಿಲ್‌ನ ಕಪಾಡಿಯಾ. ಅವರ ಬಳಿ ಇಂಥವೇ ಕಾರುಗಳು ಒಂದು ಶೆಡ್ಡಿನ ತುಂಬ ಇದ್ದವಂತೆ. ವಿಸಿಟಿಂಗ್ ಕಾರ್ಡ್ ಕೊಟ್ಟರು. ಅದನ್ನು ಅಮ್ಮನೇ ಮನೆಗೆ ತಂದು, ತಮಾಷೆಯೆಂದು ಅಪ್ಪನ ಕೈಗಿತ್ತಳು.

ಮುಂದಿನ ವಾರ ಕಪಾಡಿಯಾ ಮನೆಗೇ ಬಂದರು. ನಮ್ಮ ಪ್ಲಾಸ್ಟಿಕ್ ಹೆಣಿಗೆಯ ಕುರ್ಚಿಯಲ್ಲಿ ಕೂತು, ಇಂಥ ಮಾಡೆಲ್ ಈ ದೇಶದಲ್ಲಿ ಬೆರಳೆಣಿಕೆಯಷ್ಟು ಇವೆ, ಸರಿಯಾಗಿ ರೆಸ್ಟೋರ್ ಮಾಡಿಸಿ ಹಳೇ ಕಾರುಗಳ ರ‍್ಯಾಲಿಗೆ ತಂದರೆ ಎಂಥೆಂಥವರು ಕೊಳ್ಳಲು ಸಾಲು ನಿಲ್ಲುತ್ತಾರೆ ಎಂದರು. ಅಪ್ಪ ಕಾಫಿ ಲೋಟ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ. ಸಂಜೆ ಕೆಳಗಿಳಿದು ಹೋಗಿ ಟ್ಯಾಂಕಿನ ಹಿಂದಿನಿಂದ ಕಾರನ್ನು ಅವರೇ ತಳ್ಳಿಸಿ ಗೇಟಿನೆದುರು ನಿಲ್ಲಿಸಿದರು. ಆ ದಿನದಿಂದ ಅದು 'ಡಬ್ಬಾ' ಅಲ್ಲ, 'ನಮ್ಮ ವಿಂಟೇಜ್'. ಅಪ್ಪನನ್ನು ನಾನು ಪೂರ್ತಿ ದೂರಲಾರೆ. ಮೈಸೂರಿನಿಂದ ಒಂದು ಟ್ರಂಕು ಹಿಡಿದು ಬಂದವರು. ಕ್ಲಬ್ಬಿನ ಲಾನ್ ಮೇಲೆ ನಿಂತು ಮಾತಾಡುವ ಜನರನ್ನು ಅಷ್ಟು ವರ್ಷ ಗೇಟಿನಾಚೆಯಿಂದ ನೋಡಿದ್ದವರು.

ಕಾರು ಕುರ್ಲಾದ ಗ್ಯಾರೇಜಿಗೆ ಹೋಯಿತು. ಎರಡು ತಿಂಗಳು ಬರಲಿಲ್ಲ. ಮೊದಲ ಭಾನುವಾರ ಮಕ್ಕಳು ಅಭ್ಯಾಸಬಲದಿಂದ ಕೆಳಗೆ ಬಂದು, ನೆಲದ ಮೇಲಿನ ಎಣ್ಣೆಯ ಕಲೆಯ ಸುತ್ತ ನಿಂತು, ವಾಪಸ್ ಹೋದರು. ಅಮ್ಮ ಚೀಲ ಹಿಡಿದು ಲೋಕಲ್‌ನಲ್ಲಿ ಮಾಟುಂಗಕ್ಕೆ ಹೋಗಿಬರತೊಡಗಿದಳು.

ಕಾರು ಹಿಂದಿರುಗಿದ ದಿನ ನಮಗೆ ಗುರುತೇ ಹತ್ತಲಿಲ್ಲ. ಕೆರೆದಾಗ ಅಡಿಯಲ್ಲಿ ಸಿಕ್ಕ 'ಒರಿಜಿನಲ್' ಬಣ್ಣವಂತೆ, ಗಾಢ ಹಸಿರು. ಮುಖ ನೋಡಿಕೊಳ್ಳುವಷ್ಟು ಹೊಳಪು. ರೋಹಿಣಿ ಓಡಿಬಂದು ಹಿಂದಿನ ಬಾಗಿಲಿಗೆ ಕೈಯಿಟ್ಟಳು. "ಡೋಂಟ್ ಟಚ್!" ಎಂದು ಅಪ್ಪ ಕೂಗಿದರು. ಅವಳು ಕೈ ತೆಗೆದಳು. ಅಲ್ಲಿ ಐದು ಬೆರಳಿನ ಗುರುತು ಉಳಿದಿತ್ತು. ಅಪ್ಪ ಕರ್ಚೀಫಿನಿಂದ ಒರೆಸಿದರು.

ಅಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡೇ ಬಂದಿದ್ದಳು. ಬಾಗಿಲು ತೆಗೆದು ಒಳಗೆ ಕೂತಳು. ರಜಾಯಿ ಇರಲಿಲ್ಲ, ಸ್ಟಿಯರಿಂಗಿನ ಮೇಲೆ ಅವಳ ಕಣ್ಣು, ಹಣೆ ಅಷ್ಟೇ ಕಾಣುತ್ತಿತ್ತು. ಕೆಳಗೆ ಅವಳ ಪಾದಗಳು ಗಾಳಿಯಲ್ಲಿ ತೂಗಾಡಿದವು.

"ರೀ, ಅವೆಲ್ಲಿ?"

"ಯಾವುದು?"

"ಮರದ ತುಂಡು. ನಮ್ಮಪ್ಪ ಹಾಕಿದ್ದು."

"ಅದು ಒರಿಜಿನಲ್ ಅಲ್ಲ ಕಣೇ. ಕಪಾಡಿಯಾ ನೋಡಿದ ಕೂಡಲೇ ತೆಗೆಸಿಬಿಟ್ರು. ಜಡ್ಜುಗಳು ಪೆಡಲ್ಲನ್ನೂ ನೋಡ್ತಾರಂತೆ, ಮಾರ್ಕ್ಸ್ ಕಟ್ ಮಾಡ್ತಾರಂತೆ."

"ಓ," ಅಂದಳು ಅಮ್ಮ.

"ಎಸೆದಿಲ್ಲ, ಇಲ್ಲೇ ಇದೆ," ಎಂದು ಅಪ್ಪ ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ಕೊಟ್ಟರು, ದೊಡ್ಡ ಮನಸ್ಸು ಮಾಡಿದವರಂತೆ. ಅಮ್ಮ ಅದನ್ನು ತೆಗೆದುಕೊಂಡು ಇಳಿದಳು. ಬಾಗಿಲನ್ನು ಮೆಲ್ಲಗೆ, ತುಂಬಾ ಮೆಲ್ಲಗೆ ಮುಚ್ಚಿದಳು. ನಾನು ಅವಳ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ನನ್ನೊಳಗೂ ಏನೂ ಏಳಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿಕೊಂಡರೆ ಹೇಗಿರುತ್ತದೋ ಹಾಗಿತ್ತು.

ರ‍್ಯಾಲಿ ಜನವರಿಯಲ್ಲಿ. ಕಾರುಗಳೆಲ್ಲ ಫೋರ್ಟಿನ ಒಂದು ಮೈದಾನದಲ್ಲಿ ಸಾಲಾಗಿ ನಿಂತವು. ಕಾರಿನ ಕಾಲಕ್ಕೆ ಒಪ್ಪುವ ವೇಷ ಬೇಕೆಂದು ಕಪಾಡಿಯಾ ಹೇಳಿದ್ದರಿಂದ ಅಮ್ಮನಿಗೆ ಅಜ್ಜಿಯ ಕಾಲದ ಜರಿ ಸೀರೆ, ಕೈಯಲ್ಲೊಂದು ಲೇಸಿನ ಕೊಡೆ. ಅವಳ ಜಾಗ ಹಿಂದಿನ ಸೀಟು. ಮುಂದೆ ಸೂಟು ಹಾಕಿದ ಅಪ್ಪ, ಅವರ ಪಕ್ಕದಲ್ಲಿ ಗೊಂಬೆಯಂತೆ ನಾನು. ಶೆಟ್ಟರು ಹೋಟೆಲಿಗೆ ಅರ್ಧ ದಿನ ರಜೆ ಹಾಕಿ, ಬಿಲ್ಡಿಂಗಿನ ಮಕ್ಕಳನ್ನೆಲ್ಲ ಲೋಕಲ್‌ನಲ್ಲಿ ಕರೆತಂದು ಹಗ್ಗದಾಚೆ ನಿಲ್ಲಿಸಿದ್ದರು.

ಜಡ್ಜುಗಳು ಭೂತಕನ್ನಡಿ ಹಿಡಿದು ನೋಡಿಹೋದರು. ಆಮೇಲೆ ಬಾವುಟ ಬೀಸಿದರು. ಬೇರೆ ಕಾರುಗಳು ಹೊರಟವು. ನಮ್ಮದು ಹೊರಡಲಿಲ್ಲ. ಅಪ್ಪ ಕೀ ತಿರುಗಿಸಿದರು, ಮತ್ತೆ ತಿರುಗಿಸಿದರು. ಬಣ್ಣ ಬದಲಾದರೂ ಬೆಲ್ಲದಚ್ಚಿನ ಗುಣ ಬದಲಾಗಿರಲಿಲ್ಲ. ಬಿಳಿ ಶೂಗಳವರೆಲ್ಲ ಸುತ್ತ ನಿಂತು ಸಲಹೆ ಕೊಟ್ಟರು, ಒಬ್ಬರೂ ಕೈ ಹಚ್ಚಲಿಲ್ಲ.

ಹಗ್ಗದಾಚೆಯಿಂದ ರೋಹಿಣಿ ಕೂಗಿದಳು. "ಆಂಟೀ! ಧಕ್ಕಾ ಬೇಕಾ?"

ಅಮ್ಮನ ಕೈ ಕಿಟಕಿಯಿಂದಾಚೆ ಹೊರಟಿತು. ಹಳೇ ಅಭ್ಯಾಸ. ನಾನು ತಿರುಗಿ ನೋಡಿದಾಗ ಅವಳ ಮುಖದಲ್ಲಿ ಎರಡು ತಿಂಗಳಿನಿಂದ ಇಲ್ಲದ್ದೇನೋ ಬಂದಿತ್ತು. ಮಕ್ಕಳು ಆಗಲೇ ಹಗ್ಗದ ಕೆಳಗೆ ನುಸುಳಿದ್ದರು.

"ಕೈ ಒಳಗೆ ತಗೋ ಕಮಲಾ," ಅಂದರು ಅಪ್ಪ ಹಲ್ಲು ಕಚ್ಚಿ. "ಎಲ್ರೂ ನೋಡ್ತಿದಾರೆ. ತಳ್ಳಿಸ್ಕೊಂಡು ಹೋಗೋಕೆ ಇದೇನು ತರಕಾರಿ ಗಾಡೀನಾ?"

ಅಮ್ಮ ಕೈ ಒಳಗೆ ತೆಗೆದುಕೊಂಡಳು. ಕೊಡೆ ಹಿಡಿದುಕೊಂಡಳು.

ನಮಗೇ ಕಪ್ಪು ಬಂತು. ಅತ್ಯುತ್ತಮ ಸ್ಥಿತಿಯಲ್ಲಿರುವ ಕಾರಿನ ಬಹುಮಾನ. ಓಡಬೇಕೆಂಬ ನಿಯಮ ಅದಕ್ಕಿರಲಿಲ್ಲ.

"ಅಲ್ಲ ಮಾರಾಯ್ರೆ," ಅಂದರು ಶೆಟ್ಟರು ಅಪ್ಪನ ಕೈ ಕುಲುಕುತ್ತಾ, "ನಿಂತದ್ದಕ್ಕೇ ಕಪ್ಪು ಕೊಡ್ತಾರಾ? ಹಾಗಾದ್ರೆ ನಮ್ಮ ಕ್ಯಾಶ್ ಕೌಂಟರಿನಲ್ಲಿ ಇಪ್ಪತ್ತು ವರ್ಷ ನಿಂತದ್ದಕ್ಕೆ ನನಗೆ ಎಂತ ಕೊಡ್ಬೇಕು?"

ಅಪ್ಪ ನಗಲಿಲ್ಲ. ಅಮ್ಮನೂ ನಗಲಿಲ್ಲ. ಶೆಟ್ಟರ ಜೋಕಿಗೆ ಅವಳು ಮಾರುತ್ತರ ಕೊಡದಿದ್ದದ್ದು ಅದೇ ಮೊದಲು. ಶೆಟ್ಟರು ಗಲಿಬಿಲಿಯಿಂದ ನನ್ನ ತಲೆ ಸವರಿ ಹೋದರು.

ಪೇಪರಿನಲ್ಲಿ ಫೋಟೋ ಬಂತು. ರದ್ದಿವಾಲಾ ಅಂದಿದ್ದವಳು ನನ್ನನ್ನು ಬರ್ತ್‌ಡೇಗೆ ಕರೆದಳು. ನಾನು ಹೋದೆ, ಕೇಕ್ ತಿಂದೆ, ಬಂದೆ.

ಆಮೇಲೆ ಕೊಳ್ಳುವವರು ಬಂದರು. ಬಂದವರಿಗೆಲ್ಲ ಅಪ್ಪ, "ನೋಡೋಣ, ಇನ್ನೂ ಏರುತ್ತೆ," ಎಂದರು. ಕಪಾಡಿಯಾ ಕೇಳಿದಾಗಲೂ ಅದನ್ನೇ ಅಂದರು. ತಗಡಿನ ಶೆಡ್ಡು ಎದ್ದಿತು, ಬೀಗ ಬಿತ್ತು, ಕಾರಿನ ಮೇಲೆ ಹೊದಿಕೆ ಬಿತ್ತು. ಮಕ್ಕಳಿಗೆ ಕ್ರಿಕೆಟ್ ಆಡುವ ಜಾಗ ಹೋಯಿತು. ನಮ್ಮ ಮನೆಯ ಬಾಗಿಲು ತಟ್ಟುವುದನ್ನೂ ಅವರು ಬಿಟ್ಟರು. ಸಮುದ್ರದ ಗಾಳಿಗೆ ಬೀಗ ಯಾವ ಲೆಕ್ಕ? ಮಳೆಗಾಲದ ಮೇಲೆ ಮಳೆಗಾಲ ಕಳೆದು, ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಒಂದು ದಿನ ಶೆಡ್ಡು ತೆಗೆದರೆ ಹೊದಿಕೆಯ ಕೆಳಗೆ ತುಕ್ಕು ತಳವನ್ನೇ ತಿಂದಿತ್ತು, ಸೀಟಿನೊಳಗೆ ಇಲಿಗಳ ಸಂಸಾರ. ಕಪಾಡಿಯಾರ ಜನ ಬಂದು ಎರಡು ದೀಪ, ಸ್ಟಿಯರಿಂಗು, ಬೇಕಾದ ಬಿಡಿಭಾಗಗಳನ್ನು ಬಿಚ್ಚಿಕೊಂಡರು. ಉಳಿದದ್ದು ಗುಜರಿಗೆ. ಅದು ಗೇಟು ದಾಟುವಾಗ ಕೈಗಾಡಿಯ ಮೇಲಿತ್ತು, ಹಿಂದಿನಿಂದ ಕೂಲಿಗಳು ತಳ್ಳುತ್ತಿದ್ದರು. ಬಾಲ್ಕನಿಯಲ್ಲಿದ್ದ ಅಪ್ಪ ಒಳಗೆ ಹೋದರು.

ಅಷ್ಟರಲ್ಲಿ ಅವರು ಆಸೆಪಟ್ಟ ಪುಟ್ಟ ಬಿಳಿ ಕಾರೂ ಮನೆಗೆ ಬಂದಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ, ಅವರ ಮಟ್ಟಿಗೆ ಬಹಳ ಮೃದುವಾಗಿಯೇ, "ಇದರಲ್ಲಿ ಸೀಟು ಮುಂದಕ್ಕೆ ಜರುಗತ್ತೆ. ನಿನ್ನ ಕಾಲು ಸಿಗತ್ತೆ. ಓಡಿಸು ಕಮಲಾ," ಅಂದರು.

ಅಮ್ಮ ಅವರ ತಟ್ಟೆಗೆ ಹುಳಿ ಬಡಿಸಿದಳು. "ಮರ್ತೋಗಿದೆ ರೀ."

ಈಗ ನಾನು ಬೊರಿವಲಿಯ ಟವರೊಂದರಲ್ಲಿ ಇದ್ದೇನೆ. ಸಾಂತಾಕ್ರೂಜ್‌ನ ಬಿಲ್ಡಿಂಗು ರಿಡೆವಲಪ್‌ಮೆಂಟಿಗೆ ಹೋಯಿತು. ಇಲ್ಲಿ ಕೆಳಗೆ ಪಾರ್ಕಿಂಗಿನಲ್ಲಿ ಕಾರುಗಳು ಹೊದಿಕೆ ಹೊದ್ದು ಮಲಗಿವೆ. ಯಾವುದು ಯಾರದೆಂದು ನನಗೆ ಗೊತ್ತಿಲ್ಲ, ಅವರಿಗೂ ನಾನು ಗೊತ್ತಿಲ್ಲ. ಮಗಳು ಫೋನಿನಲ್ಲಿ ಬೆರಳಾಡಿಸಿದರೆ ಒಂದು ಕಾರು ಬಂದು ನಿಲ್ಲುತ್ತದೆ. ಖಾಡಿ ದಾಟುವಾಗ ಗಾಜು ಏರಿರುತ್ತದೆ, ವಾಸನೆಯೇ ಬರುವುದಿಲ್ಲ, ಉಸಿರು ಕಟ್ಟುವ ಆಟ ಅವಳಿಗೆ ಹೇಳಿಕೊಡಲಾಗಲಿಲ್ಲ. ಕಪ್ಪು ನನ್ನ ಶೋಕೇಸಿನಲ್ಲಿದೆ. ಬಂದವರು ಯಾವುದಕ್ಕೆ ಸಿಕ್ಕಿದ್ದೆಂದು ಕೇಳುತ್ತಾರೆ. ಕಾರಿಗೆ ಎನ್ನುತ್ತೇನೆ.

ಮರದ ತುಂಡುಗಳು ಆ ಹಳೇ ಮನೆಯಲ್ಲಿದ್ದಷ್ಟು ದಿನ ಅಮ್ಮನ ಅಡಿಗೆಮನೆಯಲ್ಲೇ ಉಳಿದವು, ಒಲೆಯ ಕಟ್ಟೆಯ ಕೆಳಗೆ. ಕಟ್ಟೆ ಅವಳಿಗೆ ಎತ್ತರ, ಅದಕ್ಕೇ ಕಾಲಡಿಗೆ ಇಟ್ಟುಕೊಳ್ಳುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ, ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡುವವರೆಗೆ. ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು. ಕಿಟಕಿಯ ಆಚೆ ಎಲ್ಲೋ ಒಂದು ಗಾಡಿ ಸ್ಟಾರ್ಟ್ ಆಗದೆ ಗೊರಗುಟ್ಟುತ್ತಿತ್ತು. ಅವಳು ಆ ಕಡೆ ನೋಡಲಿಲ್ಲ, ಚಾಕು ನಿಲ್ಲಲಿಲ್ಲ. ಕೆಳಗೆ ಅವಳ ಎಡಗಾಲು ಮಾತ್ರ ಮರದ ತುಂಡನ್ನು ಒತ್ತಿ ಹಿಡಿದಿತ್ತು. ಹಿಡಿದೇ ಇತ್ತು. ಆಮೇಲೆ ಸರಿಯಾದ ಹೊತ್ತಿಗೆ, ತಟ್ಟನೆ ಬಿಟ್ಟಿತು.