ಮಾತು ಒಳಗೇ ಇರುತ್ತೆ
ಮೇಲೂರಿನ ಅಂಗನವಾಡಿಯ ಅಮ್ಮಾಜಮ್ಮ ಟೀಚರಿಗೆ ಮಕ್ಕಳ ತಪ್ಪು ಮಾತೆಂದರೆ ಹಬ್ಬ. ಮಾತು ಬರಲೆಂದು ಮಗುವಿನ ನಾಲಿಗೆಗೆ ಬಜೆ ತೇಯ್ದು ಸೋತ ತಾಯಂದಿರು ಬಂದರೆ, 'ಮಾತು ಹುಟ್ಟುವಾಗ್ಲೇ ಒಳಗಿರುತ್ತೆ ಕಣಮ್ಮ, ಕಾಳಲ್ಲಿ ಮೊಳಕೆ ಇದ್ದಂಗೆ' ಎನ್ನುವರು. ಯಾವುದಾದರೂ ಮಗು 'ನೀಳ್ಳು ತರಿದೆ' ಎಂದರಂತೂ ಬೀದಿಗೆಲ್ಲ ಸುದ್ದಿ: 'ನೀರಿಗೆ ನೀಳ್ಳು ಅನ್ನೋದು ಅವರಜ್ಜಿ ತೆಲುಗು, ಸರಿ. ತಂದೆ ಅನ್ನೋಕೆ ತರಿದೆ ಅಂತ ಯಾರು ಹೇಳ್ಕೊಟ್ರು? ಕುಡಿದೆ, ಬರೆದೆ ಅಂದಂಗೆ ತಾನೇ ಕಟ್ಕೊಂಡೈತೆ.' ಮೇಲ್ವಿಚಾರಕಿ ಮಕ್ಕಳ ತೂಕ ಕೇಳಿದರೂ ಇವರು ಇಂಥ ಪದಗಳನ್ನೇ ಒಪ್ಪಿಸುವರು. ಈ ಜೂನ್‌ನಲ್ಲಿ, ಹುಟ್ಟಿನಿಂದ ಕಿವಿ ಕೇಳದ ನಾಲ್ಕು ವರ್ಷದ ಪದ್ಮಶ್ರೀ ಸೇರಿದಳು. ಅವಳ ತಾಯಿ ಮುನಿಲಕ್ಷ್ಮಿಯ ಮುಂದೆ ಟೀಚರ್ ಒಂದು ತಿಂಗಳು ಮೊಳಕೆಯ ಸುದ್ದಿಯನ್ನೇ ಎತ್ತಲಿಲ್ಲ. ಒಂದು ಬೆಳಿಗ್ಗೆ ಪದ್ಮಶ್ರೀ ಟೀಚರ ಸೆರಗು ಜಗ್ಗಿ, ಕೆನ್ನೆಯ ಮೇಲೆ ಬೆರಳಲ್ಲಿ ಮೀಸೆ ಎಳೆದಳು, ಬೊಗಸೆಯಿಂದ ಕುಡಿದಂತೆ ಮಾಡಿದಳು, ಕೈಯನ್ನು ಹೆಗಲ ಹಿಂದಕ್ಕೆ ಬೀಸಿದಳು. ಟೀಚರ್ ಒಳಗೆ ಹೋಗಿ ನೋಡಿದರೆ ಬೆಕ್ಕು ಆಗಲೇ ಹಾಲು ಕುಡಿದು ಹೋಗಿತ್ತು. ಸಂಜೆ ಮುನಿಲಕ್ಷ್ಮಿಯನ್ನು ಕೇಳಿದರು, 'ಹಿಂದಕ್ಕೆ ಕೈ ಬೀಸಿದ್ರೆ ಆಗೋಯ್ತು ಅಂತ ನೀನು ಕಲಿಸಿದ್ಯಾ?' 'ನಮಗೆಲ್ಲಿ ಬರುತ್ತೆ, ಅವಳೇ ನಮಗೆ ಕಲಿಸಿದ್ದು ಟೀಚರ್.' ಅಮ್ಮಾಜಮ್ಮ ನೆಲದ ಮೇಲೆ ಕೂತು ತಾವೂ ಮೀಸೆ ಎಳೆದರು, ಕುಡಿದರು, ಆಮೇಲೆ ಬೇಕೆಂದೇ ಕೈಯನ್ನು ಮುಂದಕ್ಕೆ ಬೀಸಿದರು. ಪದ್ಮಶ್ರೀ ಅಲ್ಲವೆಂದು ತಲೆಯಾಡಿಸಿ, ಟೀಚರ ಮಣಿಕಟ್ಟು ಹಿಡಿದು, ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು.